ಶಿವವ್ವನ ಕರುವಿನ ಬಾಟಲಿ

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಲೋಕದ ಮಾತು. ಹುಣಸೀಕೇರಿಯ ಮಂದಿಗೆ ಮಾತ್ರ ಹಿತ್ತಲ ಗಿಡವೇ ಆಗಬೇಕು. ಗುರುತಿಲ್ಲದ ಡಾಕ್ಟರು ಜೀಪಿನಲ್ಲಿ ಬಂದಿಳಿದರೆ ದನಗಳನ್ನು ಅಡವಿಗೆ ಅಟ್ಟಿ, "ಮೇಯಾಕ ಹೋಗ್ಯಾವ್ರಿ" ಎಂದು ಕೈಮುಗಿದು ಕಳಿಸುವ ಊರು ಅದು. ಅಂಥ ಊರು ಮಹಾಬಳೇಶ್ವರನ ಮುಂದೆ ತನ್ನ ಎಳೆಗರುಗಳನ್ನು ತಾನಾಗಿ ತಂದು ನಿಲ್ಲಿಸಿತೆಂದರೆ ಅದಕ್ಕೆ ಕಾರಣ ಅವನ ಓದಲ್ಲ. ಅವನು ಗೋದುಬಾಯಿಯ ಅಣ್ಣನ ಮಗ, ಅಷ್ಟೇ.

ಅವನ ಅಪ್ಪ ಮಹಾಂತಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ತಾಯಿ ಹಾಸಿಗೆ ಹಿಡಿದ ಕಾಲಕ್ಕೆ ಹುಡುಗನನ್ನು ನೋಡಿಕೊಳ್ಳುವವರಿಲ್ಲದೆ ಮುಂಡಗೋಡ ತಾಲೂಕಿನ ಈ ಊರಿಗೆ, ತಂಗಿ ಗೋದುಬಾಯಿಯ ಮನೆಗೆ ತಂದು ಬಿಟ್ಟಿದ್ದ. ಇಲ್ಲಿಯ ಕೆರೆಯಲ್ಲಿ ಎಮ್ಮೆ ಮೈ ತೊಳೆದು, ಇಲ್ಲಿಯ ಶಾಲೆಯಲ್ಲಿ ಏಟು ತಿಂದು ಬೆಳೆದ ಹುಡುಗ ಮುಂದೆ ದನದ ಡಾಕ್ಟರ ಆದ, ಅಷ್ಟಕ್ಕೇ ನಿಲ್ಲದೆ ಸಂಶೋಧನೆಗೆ ಸೇರಿದ. ಈಗ ಊರಿಗೆ ಕಾಲುಬಾಯಿ ಬೇನೆ ಹೊಕ್ಕಿದೆ ಎಂದು ಅತ್ತೆ ಮುಂಡಗೋಡದ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಹೇಳಿದ್ದೇ ತಡ, ಐಸಿನ ಡಬ್ಬಿ ತುಂಬ ಬಾಟಲಿ ಇಟ್ಟುಕೊಂಡು ಹುಬ್ಬಳ್ಳಿಯ ಬಸ್ಸು ಹಿಡಿದು ಬಂದಿದ್ದ.

ದ್ಯಾಮವ್ವನ ಗುಡಿಯ ಕಟ್ಟೆಯ ಮೇಲೆ ಊರವರು ಸೇರಿದರು. ದೊಡ್ಡ ದನಗಳು ಬಾಯಿ ಹುಣ್ಣಾಗಿ, ಗೊರಸು ಬಿಟ್ಟು ನರಳಿದರೂ ಬಹಳಷ್ಟು ಉಳಿಯುತ್ತವೆ. ಆದರೆ ಎಳೆಗರುವಿಗೆ ಈ ಬೇನೆ ಗುಂಡಿಗೆಗೇ ಹೋಗುತ್ತದೆ, ನಿಂತ ಕರು ನಿಂತಲ್ಲೇ ಬೀಳುತ್ತದೆ. ಇದನ್ನು ಅವನು ಹೇಳಬೇಕಾಗಿರಲಿಲ್ಲ. ಆಗಲೇ ಎರಡು ಮನೆಯಲ್ಲಿ ಬಿದ್ದಿದ್ದವು. ಔಷಧ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದವನು ದರ್ಜಿ ಶಂಕ್ರಪ್ಪ. ಅವನ ಕೊರಳಲ್ಲಿ ಜೋತ ಅಳತೆಯ ಟೇಪು ಕಂಡೇ ಮಹಾಬಳೇಶ್ವರನಿಗೆ ಮಾತು ಹೊಳೆಯಿತು.

"ಶಂಕ್ರಪ್ಪ ಕಾಕಾ, ಈ ವೈರಸ್ ಐತೆಲ್ಲ, ಕರಾದ ಮೈಯಾಗ ಹೊಕ್ಕು ಮೊದಲ ಒಂದು ಉದ್ದನ್ನ ಥಾನು ನೇಯಿಸಿಕೋತೈತಿ. ಥಾನು ಇದ್ದಂಗ ಇದ್ರ ಯಾವ ಕೆಲಸಕ್ಕೂ ಬರೂದಿಲ್ಲ. ಅದನ್ನ ಕತ್ತರಿಸಿ ತೋಳು ಬ್ಯಾರೆ, ಕಾಲರ್ ಬ್ಯಾರೆ ಮಾಡಿ ಹೊಲೀಬೇಕು. ಅದಕ್ಕ ತನ್ನದ ಒಂದು ಕತ್ತರಿ ಮಾಡಿಕೋತೈತಿ. ಪ್ರೋಟಿಯೇಸ್ ಅಂತಾರ ಆ ಕತ್ತರಿಗೆ. ನಮ್ಮ ಔಷಧ ಅಂದ್ರ ಆ ಕತ್ತರಿ ಬಾಯಾಗ ಕಡ್ಡಿ ಸಿಗಿಸಿದಂಗ."

"ಕತ್ತರಿ ಬಾಯಾಗ ಕಡ್ಡಿ ಸಿಗಿಸಿದ್ರ ನಾ ಉಪಾಸ ಬೀಳ್ತೇನಲ್ಲೋ!" ಅಂದ ಶಂಕ್ರಪ್ಪ.

"ವೈರಸ್ಸೂ ಹಂಗ ಉಪಾಸ ಬೀಳಲಿ ಅಂತನ ಕಾಕಾ."

ಕಟ್ಟೆ ನಕ್ಕಿತು. ಮಹಾಬಳೇಶ್ವರನೂ ನಕ್ಕ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಏಡ್ಸಿಗೆ ಇಂಥದೇ ಔಷಧ ಬಂದು ಮನುಷ್ಯರು ಬದುಕುತ್ತಿದ್ದರು. ದನಕ್ಕೆ ಯಾಕಾಗಬಾರದು ಎನ್ನುವುದು ಅವನ ಗುರುಗಳ ಹಟ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಅವರ ಔಷಧ ಈ ವೈರಸ್ಸನ್ನು ತಡೆದೂ ಇತ್ತು. ಕರುವಿನ ಮೈಯಲ್ಲಿ ತಡೆಯುತ್ತದೋ ಇಲ್ಲವೋ ಅದನ್ನೇ ಈಗ ನೋಡಬೇಕಾಗಿತ್ತು.

ಸುಳ್ಳು ಇದ್ದದ್ದು ಅವನು ಹೇಳದೆ ಬಿಟ್ಟ ಮಾತಿನಲ್ಲಿ. ಬಾಟಲಿಗಳಲ್ಲಿ ಅರ್ಧಕ್ಕೆ ಮಾತ್ರ ಔಷಧವಿತ್ತು. ಉಳಿದರ್ಧದಲ್ಲಿ ಬರಿ ಉಪ್ಪುನೀರು. ಕರು ಉಳಿದದ್ದು ಔಷಧದಿಂದಲೋ ತನ್ನ ಹಣೆಬರಹದಿಂದಲೋ ತಿಳಿಯಬೇಕಾದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ವಿಜ್ಞಾನಕ್ಕೆ ಬೇರೆ ದಾರಿಯಿಲ್ಲ. "ಜನರಿಗೆ ಅದನ್ನೆಲ್ಲ ಹೇಳಬೇಡ, ಒಬ್ಬರೂ ಕರು ತರುವುದಿಲ್ಲ" ಎಂದು ಗುರುಗಳು ಹೇಳಿ ಕಳಿಸಿದ್ದರು. ಹೇಳಲಿಲ್ಲ. ಯಾವ ಮನೆಗೆ ಯಾವ ಬಾಟಲಿ ಎಂದು ಚೀಟಿ ಎತ್ತಿ, ಒಂದೊಂದು ಬಾಟಲಿಗೂ ಮನೆಯ ನಂಬರಿನ ಪಟ್ಟಿ ಅಂಟಿಸಿ, ದಿನಾ ಬೆಳಿಗ್ಗೆ ಒಂದೊಂದು ಸೂಜಿ ಎಂದ. ಊರು ಒಪ್ಪಿತು.

ಅತ್ತೆಯ ಕಣ್ಣು ತಪ್ಪಿಸುವುದು ಮಾತ್ರ ಅವನಿಂದ ಆಗಲಿಲ್ಲ. ರಾತ್ರಿಯ ಊಟಕ್ಕೆ ರೊಟ್ಟಿ ಬಡಿಯುತ್ತ ಕೂತಿದ್ದ ಗೋದುಬಾಯಿ ತೆರೆದಿದ್ದ ಡಬ್ಬಿಯ ಕಡೆ ನೋಡಿ ಕೇಳಿದಳು:

"ಎರಡು ಬಣ್ಣದ ಮುಚ್ಚಳ ಯಾಕೋ ತಮ್ಮಾ?"

ಅವಳಿಗೆ ಸುಳ್ಳು ಹೇಳಿ ಅವನಿಗೆ ರೂಢಿಯಿರಲಿಲ್ಲ. ಕೆಂಪು ಮುಚ್ಚಳದ್ದು ಔಷಧ, ನೀಲಿ ಮುಚ್ಚಳದ್ದು ನೀರು ಎಂದು ಹೇಳಿಬಿಟ್ಟ. ಯಾಕೆ ಎನ್ನುವುದನ್ನೂ ಹೇಳಿದ. ಅವಳು ತಲೆಯಾಡಿಸುತ್ತ ಕೇಳಿದಳು, ಎಲ್ಲ ತಿಳಿದವಳ ಹಾಗೆ.

"ನಮ್ಮ ಕರಾಕ್ಕ ಯಾವ ಮುಚ್ಚಳ ಬಂತು?"

"ನೀಲಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಕೊಡು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಇಲ್ಲವೆನ್ನಲು ಒಂದು ಬಾಯಿಯಾದರೂ ಇರುತ್ತಿತ್ತು. ಹೆಂಚಿನ ಮೇಲಿನ ರೊಟ್ಟಿ ತಿರುವಿಹಾಕುತ್ತ ಅವಳು ಇಷ್ಟೇ ಅಂದಳು: "ನೀ ಇಲ್ಲಿದ್ದಾಗ ಮನ್ಯಾಗ ಒಂದ ಎಮ್ಮಿ ಹಿಂಡತಿತ್ತು. ನಮ್ಮ ಹುಡುಗರ ಹಾಲಿಗೆ ನೀರ ಬೆರಸತಿದ್ದೆ. ನಿನ್ನ ಹಾಲಿಗೆ ಎಂದೂ ಬೆರಸಲಿಲ್ಲ. ತಾಯಿ ಹತ್ರ ಇಲ್ಲದ ಕೂಸು ಅಂತ."

ಬೆಳಗಾಗೆದ್ದು ಮಹಾಬಳೇಶ್ವರ ಮಾಡಿದ್ದು ಬಹಳ ಸಣ್ಣ ಕೆಲಸ. ಅತ್ತೆಯ ಮನೆಯ ಬಾಟಲಿಯ ಪಕ್ಕದಲ್ಲೇ ಗೋಡೆಯಾಚೆಯ ಶಿವವ್ವನ ಮನೆಯ ಬಾಟಲಿ ಇತ್ತು, ಕೆಂಪು ಮುಚ್ಚಳದ್ದು. ಎರಡರ ನಂಬರಿನ ಪಟ್ಟಿಗಳನ್ನೂ ಉಗುರಿನಿಂದ ಎಬ್ಬಿಸಿ ಅದನ್ನು ಇದಕ್ಕೆ, ಇದನ್ನು ಅದಕ್ಕೆ ಅಂಟಿಸಿದ. ಶಿವವ್ವನ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಹತ್ತಿರ ಸಿಕ್ಕಿದ್ದು ಅವಳದು, ಅಷ್ಟೇ. ಬೇಲಿಯೇ ಎದ್ದು ಹೊಲ ಮೇಯುವಾಗ ಯಾರ ಹೊಲವೆಂದು ನೋಡುವುದಿಲ್ಲ.

ಶಿವವ್ವನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಒಂದು ಎಮ್ಮೆ, ಅದಕ್ಕೊಂದು ಹೆಣ್ಣುಗರು. ಎಮ್ಮೆಗೆ ವಯಸ್ಸಾಗಿತ್ತು, ಇದೇ ಕಡೆಯ ಕರು ಎಂದು ಅವಳೂ ಬಲ್ಲಳು, ಊರೂ ಬಲ್ಲದು. ಆ ಕರು ದೊಡ್ಡದಾಗಿ ಹಿಂಡಿದರೆ ಅವಳ ಮುಂದಿನ ದಿನಗಳು ನಡೆಯುತ್ತವೆ, ಇಲ್ಲವಾದರೆ ಮಂದಿಯ ಹೊಲದಲ್ಲಿ ಕೂಲಿ. ಮಹಾಬಳೇಶ್ವರ ಚಿಕ್ಕವನಿದ್ದಾಗ "ಏ ಮಾಬಳ್ಯಾ" ಎಂದು ಕೂಗಿ ಬೆಲ್ಲದ ಚೂರು ಕೊಡುತ್ತಿದ್ದವಳು, ಈಗ "ಬರ್ರಿ ಡಾಕ್ಟರ್ ಸಾಹೇಬ್ರ" ಎಂದು ಕಾಲಿಗೆ ನೀರು ಕೊಟ್ಟು, ಸೆರಗಿನಿಂದ ಕಟ್ಟೆ ಒರೆಸಿದಳು. ಗೋಣಿಚೀಲ ಹೊದಿಸಿದ ಕರುವನ್ನು ತೊಡೆಗೆ ಒತ್ತಿ ಹಿಡಿದಳು. ಅವನು ಸೂಜಿ ಹಾಕಿದ. ನೀರು.

"ನೋವಾಗಂಗಿಲ್ಲ ನೋಡ್ರಿ ನಿಮ್ಮ ಕೈಯಾಗ," ಅಂದಳು. "ಮತ್ತೇನ ಮಾಡಬೇಕ್ರಿ ನಾನು?"

ಏನಾದರೂ ಹೇಳಲೇಬೇಕೆನಿಸಿತು ಅವನಿಗೆ. ಸುಮ್ಮನೆ ಬಂದರೆ ಎಲ್ಲಿ ಮುಖ ತೋರಿಸುವುದು? "ಬೆಚ್ಚನ್ನ ಗಂಜಿ ಕುಡಸ್ರಿ, ಮೂರ ಹೊತ್ತು. ಒಂದ ಹೊತ್ತೂ ತಪ್ಪಿಸಬ್ಯಾಡ್ರಿ," ಎಂದ. ಒಳ್ಳೆಯ ಮಾತೇ ಅದು. ಆದರೆ ಅವನು ಹೇಳಿದ್ದು ಕರುವಿನ ಸಲುವಾಗಿ ಅಲ್ಲ, ತನ್ನ ಸಲುವಾಗಿ.

ಆ ವಾರವೇ ಊರಿನ ಹಿರಿಯ ಅಡಿವೆಯ್ಯ ಹೊರಬೀಡು ಸಾರಿದ. ದನಕ್ಕೆ ಬೇನೆ ಬಂದಾಗ ಹುಣಸೀಕೇರಿ ತಲೆತಲಾಂತರದಿಂದ ಮಾಡುತ್ತ ಬಂದದ್ದು ಅದು. ಮಂಗಳವಾರ ಬೆಳಗಾಗುವ ಮೊದಲೇ ಮನೆಮನೆಯ ಒಲೆ ಆರಿಸಿ, ಬೂದಿ ತೆಗೆದು ಸಾರಿಸಿ, ನಡೆಯಬಲ್ಲ ದನ, ನಾಯಿ, ಕೋಳಿ, ಕೂಸು ಎಲ್ಲ ಸೀಮೆಯಾಚೆಯ ಮಾವಿನ ತೋಪಿಗೆ ಹೋಗಬೇಕು. ಊರಬಾಗಿಲಿಗೆ, ಅಂದರೆ ಅಗಸಿಗೆ, ಮುಳ್ಳು ಹಚ್ಚುತ್ತಾರೆ. ಅಡುಗೆ, ಊಟ ಎಲ್ಲ ಅಲ್ಲೇ. ಹೊತ್ತು ಮುಳುಗುವ ತನಕ ಊರೊಳಗೆ ಹೊಗೆ ಏಳಕೂಡದು. ಊರು ಬರಿದಾದದ್ದನ್ನು ನೋಡಿ ಬೇನೆ ಬೇಸತ್ತು ಹೊರಟುಹೋಗುತ್ತದೆ ಎಂಬುದು ನಂಬಿಕೆ. ಯಾರಾದರೂ ಒಲೆ ಹಚ್ಚಿದರೆ ಅದು ಆ ಒಲೆಯ ಮುಂದೆ ಕೂತುಬಿಡುತ್ತದಂತೆ.

ಏಳಲಾರದ ಕರುಗಳಿಗೆ ಮೇವು-ನೀರು ಇಟ್ಟು ಅಲ್ಲೇ ಬಿಟ್ಟು ಬರಬೇಕಾಯಿತು. ಶಿವವ್ವನದು ಅಂಥದರಲ್ಲಿ ಒಂದು. ಗೋದುಬಾಯಿಯ ಕರು ಮಾತ್ರ ಬಾಯಿಯ ಜೊಲ್ಲು ನಿಂತು, ತಾಯಿಯ ಹಿಂದೆ ತಾನೇ ನಡೆದು ತೋಪಿಗೆ ಬಂದಿತ್ತು. ಮಾವಿನ ನೆರಳಿನಲ್ಲಿ ಅದು ಜಿಗಿದಾಡುವುದನ್ನು ಕಂಡು ಮಂದಿ "ಕತ್ತರಿ ಬಾಯಾಗ ಕಡ್ಡಿ ಸಿಕ್ತು ನೋಡ್ರಿ" ಎಂದು ಮಹಾಬಳೇಶ್ವರನ ಬೆನ್ನು ಚಪ್ಪರಿಸಿದರು. ಅವನು ಜೋಳದ ರೊಟ್ಟಿ ಕೆಳಗಿಟ್ಟು ನೀರು ಕುಡಿದ. ಮಧ್ಯಾಹ್ನದ ಬಿಸಿಲಲ್ಲಿ ಶಿವವ್ವ ತಂಬಿಗೆ ಹಿಡಿದು ಬೇಲಿಯ ಮಗ್ಗುಲಿಗೆ ಹೋದದ್ದನ್ನು ಅವನು ನೋಡಿದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಸೆರಗಿನ ಅಂಚಿನಲ್ಲಿ ಮಸಿ ಇತ್ತು. ಅದನ್ನೂ ನೋಡಿದ. ತಲೆಗೆ ಹಚ್ಚಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಶಿವವ್ವನ ಕರು ಸತ್ತಿತ್ತು.

ಅವಳು ಅಳಲಿಲ್ಲ. ಕರುವನ್ನು ಹೂಳಿಸಿ, ತಣ್ಣೀರಲ್ಲಿ ತಲೆಗೆ ಎರೆದುಕೊಂಡು, ಒದ್ದೆ ಸೀರೆಯಲ್ಲೇ ದ್ಯಾಮವ್ವನ ಗುಡಿಗೆ ಬಂದಳು. ಕಟ್ಟೆಯ ಮೇಲೆ ಅಡಿವೆಯ್ಯ ಇದ್ದ, ಶಂಕ್ರಪ್ಪ ಇದ್ದ, ಮಂದಿ ಇತ್ತು. ಬೆಳಗಿನ ಸೂಜಿ ಮುಗಿಸಿ ಡಬ್ಬಿ ಹಿಡಿದು ಮಹಾಬಳೇಶ್ವರನೂ ನಿಂತಿದ್ದ. ಅವಳು ಎಲ್ಲರ ಮುಂದೆ ನೆಲಕ್ಕೆ ಹಣೆ ಹಚ್ಚಿದಳು.

"ನಂದು ತಪ್ಪಾತ್ರಿ. ಹೊರಬೀಡಿನ ದಿನ ನಾ ಒಲಿ ಹಚ್ಚಿದೆ. ಕರಾಕ್ಕ ಗಂಜಿ ತಪ್ಪಬಾರದು ಅಂತ ಮುಳ್ಳ ದಾಟಿ ಹೋಗಿ ಗಂಜಿ ಕಾಸಿದೆ. ಬ್ಯಾನಿ ಅವ್ವ ನನ್ನ ಒಲಿ ಮುಂದ ಕುಂತಳು. ಕರಾ ಹೋತು." ಆಮೇಲೆ ಮಹಾಬಳೇಶ್ವರನ ಕಡೆ ತಿರುಗಿ ಅವನಿಗೂ ಕೈಮುಗಿದಳು. "ಡಾಕ್ಟರ್ ಸಾಹೇಬ್ರ, ನಿಮ್ಮ ಔಷಧಕ್ಕ ನಾ ಹೆಸರ ಕೆಡಿಸಿದೆ. ಗೋದಕ್ಕನ ಕರಾ ಉಳೀತು, ನಂದ ಉಳೀಲಿಲ್ಲ. ತಪ್ಪ ನಂದ್ರಿ, ಔಷಧದ್ದಲ್ಲ."

ಮಂದಿಯೊಳಗೆ ಗುಜುಗುಜು ಎದ್ದಿತು. "ಊರ ಮ್ಯಾಲೆ ತಂದಿಟ್ಟಿ ನೋಡು," ಅಂದಳೊಬ್ಬಳು. ಇನ್ನೊಬ್ಬ, ನಮ್ಮ ಕರುವಿಗೇನಾದರೂ ಆದರೆ ನಿನ್ನ ಹೊಸ್ತಿಲಿಗೇ ತಂದು ಹಾಕುತ್ತೇನೆ ಎಂದ. ಶಿವವ್ವ ತಲೆ ಎತ್ತಲಿಲ್ಲ. ಅವಳ ಒದ್ದೆ ಸೀರೆಯಿಂದ ನೀರು ಇಳಿದು ಕಟ್ಟೆಯ ಕಲ್ಲು ತೋಯುತ್ತಿತ್ತು.

ನೆಲ ಬಾಯಿಬಿಡಬಾರದೇ ಎನಿಸಿತು ಮಹಾಬಳೇಶ್ವರನಿಗೆ. ಮೊದಲು ಮನಸ್ಸಿಗೆ ಬಂದದ್ದು ಒಂದು ನೆಪ: ಆ ಕರು ಔಷಧ ಕೊಟ್ಟಿದ್ದರೂ ಸಾಯುತ್ತಿತ್ತೋ ಏನೋ, ಈ ಕರು ನೀರು ಕೊಟ್ಟಿದ್ದರೂ ಉಳಿಯುತ್ತಿತ್ತೋ ಏನೋ, ಒಂದೊಂದು ಕರುವಿನಿಂದ ಏನೂ ಸಿದ್ಧವಾಗುವುದಿಲ್ಲ. ವಿಜ್ಞಾನಿಯ ಬಾಯಲ್ಲಿ ತೂಕದ ಮಾತೇ. ಆ ಮಾತಿನ ಮರೆಗೆ ಹೋಗಿ ನಿಲ್ಲಲು ಹೊರಟ ತನ್ನನ್ನು ಕಂಡು ಅವನಿಗೆ ಇನ್ನಷ್ಟು ಹೇಸಿಗೆಯಾಯಿತು.

"ಶಿವವ್ವಂದು ತಪ್ಪಿಲ್ರಿ," ಎಂದ. ದನಿ ಸಣ್ಣದಾಗಿ ಬಂತು. "ಅಕಿ ಕರಾಕ್ಕ ನಾ ಹಾಕಿದ್ದು ಔಷಧನ ಅಲ್ಲ. ಬರೇ ಉಪ್ಪನೀರು. ಔಷಧದ ಬಾಟ್ಲಿ ನಾ ಬದಲ ಮಾಡಿದ್ದೆ."

ಅಡಿವೆಯ್ಯ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಮುದುಕನ ಕಣ್ಣು ತುಂಬಿತ್ತು.

"ನೋಡ್ರಿ ಹುಡುಗನ ಮನಸು! ಬಡವಿ ಮಾನ ಉಳಸಾಕ ತಪ್ಪು ತನ್ನ ಮ್ಯಾಲೆ ಹಾಕ್ಕೊಂಡ. ಹೌದಲ್ಲೋ, ಡಾಕ್ಟರಾದವ ನೀರು ಹಾಕತಾನ ಎಲ್ಲಾದ್ರೂ?"

"ಖರೇನ ಹೇಳಾಕತ್ತೇನ್ರಿ ಅಜ್ಜಾ, ಚೀಟಿ ಎತ್ತಿದಾಗ..."

"ಸಾಕ ಬಿಡೋ ತಮ್ಮಾ. ಗೋದವ್ವಾ, ಎಂಥಾ ಹುಡುಗನ್ನ ಬೆಳಸೀ ನೀ!"

ಗುಂಪಿನ ಅಂಚಿನಲ್ಲಿ ಗೋದುಬಾಯಿ ನಿಂತಿದ್ದಳು. ಒಂದು ಮಾತು ಅಂದಿದ್ದರೆ ಸಾಕಾಗಿತ್ತು. ಮಹಾಬಳೇಶ್ವರ ಅವಳನ್ನೇ ನೋಡಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಮನೆಯ ಕಡೆ ತಿರುಗಿ ನಡೆದಳು. ಶಿವವ್ವ ಅವನಿಗೆ ಮತ್ತೊಮ್ಮೆ ಕೈಮುಗಿದು "ದೊಡ್ಡ ಮನಸ್ರಿ ನಿಮ್ದು" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಸಂಜೆಗೆ ಗೋಡೆಯಾಚೆಯಿಂದ ಶಿವವ್ವನ ಎಮ್ಮೆ ಒಂದೇ ಸಮ ಕೂಗತೊಡಗಿತು. ಕರುವಿಲ್ಲದೆ ಅದು ಸೊರ ಬಿಡುತ್ತಿರಲಿಲ್ಲ, ಹಾಲು ಇಳಿಯದೆ ಕೆಚ್ಚಲು ಕಟ್ಟಿ ಕಲ್ಲಾಗಿತ್ತು. ಇತ್ತ ಗೋದುಬಾಯಿ ತನ್ನ ಎಮ್ಮೆಯ ಹಾಲು ಹಾಕಿ ಚಹಾ ಮಾಡಿ ತಂದು ಅಳಿಯನ ಮುಂದಿಟ್ಟಳು. ಅವನು ಲೋಟ ಮುಟ್ಟಲಿಲ್ಲ. ಎಮ್ಮೆ ಮತ್ತೆ ಕೂಗಿತು.

ಅವಳು ಎದ್ದು ಕೊಟ್ಟಿಗೆಗೆ ಹೋಗಿ ಕರುವಿನ ಹಗ್ಗ ಬಿಚ್ಚಿದಳು.

"ಏಳು. ಇದು ಅಕಿ ಕರಾ. ಅಕಿಗೆ ಬರೂ ಜೀವ ಇದರಾಗ ಹಾಕೀವಿ. ಬಾಯಿಲೆ ಹೇಳಿದ್ರ ಯಾರೂ ನಂಬೂದಿಲ್ಲ. ಹಗ್ಗ ನೀ ಹಿಡಿ."

ಬಾಗಿಲಲ್ಲಿ ಅವರನ್ನು ಕಂಡು ಶಿವವ್ವ ಎಂದಿನಂತೆ ಕಾಲಿಗೆ ನೀರು ತರಲು ತಿರುಗಿದಳು. ಗೋದುಬಾಯಿ ಅವಳ ಕೈ ಹಿಡಿದು ನಿಲ್ಲಿಸಿದಳು. "ಶಿವವ್ವಾ, ಈ ಕರಾ ಇನ್ನ ಮ್ಯಾಲೆ ನಿಂದು. ಎಮ್ಮಿಗೆ ಹಚ್ಚು."

"ಎಷ್ಟ ದಿನದ ಮಟ್ಟಿಗೆ ಗೋದಕ್ಕಾ?"

"ದಿನದ ಮಟ್ಟಿಗಲ್ಲವಾ. ನಿಂದ."

ಶಿವವ್ವ ಕರುವನ್ನು ನೋಡಿದಳು. ಗೋದುಬಾಯಿಯನ್ನು ನೋಡಿದಳು. ಉಳಿದ ಹೆಣ್ಣುಗರುವನ್ನು ಯಾರೂ ಯಾರಿಗೂ ಸುಮ್ಮನೆ ಕೊಡುವುದಿಲ್ಲ, ದೇವರಿಗೂ ಕೊಡುವುದಿಲ್ಲ. ಕಡೆಗೆ ಅವಳು ಹಗ್ಗ ಹಿಡಿದು ನಿಂತವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಕಟ್ಟೆಯ ಮೇಲೆ ಯಾರೂ ನಂಬದ ಮಾತನ್ನು ಅವಳು ಆಗ ನಂಬಿದಳು.

ಅವನ ಕೈಯಿಂದ ಹಗ್ಗ ತೆಗೆದುಕೊಂಡಳು. ಸತ್ತ ಕರುವಿಗೆ ಹೊದಿಸಿದ್ದ ಗೋಣಿಚೀಲ ಗೂಟದ ಮೇಲಿತ್ತು. ಅದನ್ನು ಈ ಕರುವಿನ ಬೆನ್ನಿಗೆ ಬಿಗಿದು ಎಮ್ಮೆಯ ಮುಂದೆ ತಂದಳು. ಎಮ್ಮೆ ಚೀಲ ಮೂಸಿತು, ಇನ್ನೊಮ್ಮೆ ಮೂಸಿತು, ನಾಲಿಗೆ ಚಾಚಿ ನೆಕ್ಕಿತು. ಕರು ಕೆಚ್ಚಲಿಗೆ ಬಾಯಿ ಹಾಕಿತು. ಸೊರ ಇಳಿದದ್ದನ್ನು ಕಂಡಾಗ ಶಿವವ್ವ ಬೆಳಗಿನಿಂದ ತಡೆದುಕೊಂಡಿದ್ದದ್ದನ್ನೆಲ್ಲ ಅತ್ತಳು, ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿಕೊಂಡು. ಗೋದುಬಾಯಿ ಅವಳ ಬೆನ್ನ ಹಿಂದೆ ಕೂತಳು. ಮಹಾಬಳೇಶ್ವರ ಬಾಗಿಲಲ್ಲೇ ನಿಂತಿದ್ದ. ಕೂಡ್ರು ಎಂದು ಯಾರೂ ಅನ್ನಲಿಲ್ಲ.

ಕಣ್ಣೊರೆಸಿಕೊಂಡು ಶಿವವ್ವ ಕೇಳಿದಳು: "ಮಂದಿ ಕರಾಕ್ಕೂ ನೀರ ಹಾಕೀ ಏನೋ ಮಾಬಳ್ಯಾ?"

ಎಷ್ಟೋ ವರ್ಷಕ್ಕೆ ಆ ಹೆಸರು ಅವಳ ಬಾಯಲ್ಲಿ ಬಂದಿತ್ತು. ಬೆಲ್ಲದ ಚೂರು ಮಾತ್ರ ಅದರ ಹಿಂದೆ ಇರಲಿಲ್ಲ. "ಅರ್ಧಕ್ಕ," ಎಂದ.

"ಖರೇ ಔಷಧ ಉಳದೈತೋ ಇಲ್ಲೋ?"

"ಮೀಸಲ ಬಾಟ್ಲಿ ಅದಾವು. ಅದರಿಂದ ಉಳೀತಾವು ಅಂತ ನಾ ಹೇಳಲಾರೆ. ನನಗೂ ಗೊತ್ತಿಲ್ಲ. ಈಗ ಎಲ್ಲಾಕ್ಕೂ ಹಾಕಿದ್ರ ಎಂದೂ ಗೊತ್ತಾಗೂದೂ ಇಲ್ಲ."

"ಗೊತ್ತಾಗೂದು ಬ್ಯಾಡ. ನಾಳೆ ಎಲ್ಲಾಕ್ಕೂ ಹಾಕು."

"ಹಾಕ್ತೇನಿ. ಮೊದಲ ಮತ್ತೊಮ್ಮೆ ಕಟ್ಟಿ ಮ್ಯಾಲೆ ನಿಂತು ಎಲ್ಲಾ ಹೇಳ್ತೇನಿ. ಅತ್ತೀನೂ ಹೇಳ್ತಾಳ. ನಿಮ್ಮ ಮ್ಯಾಲಿನ ಮಾತು ಹೋಗಲಿ."

ಶಿವವ್ವ ಸಿಟ್ಟಿನಿಂದ ತಿರುಗಿದಳು. "ಹೇಳೀ ಅಂದ್ರ ನೋಡು ಮತ್ತ! ಇವ ನೀರ ಹಾಕಾವ ಅಂತ ಗೊತ್ತಾದ್ರ ನಾಳೆ ಒಂದರ ಕರಾ ಹೊರಗ ತರತಾರೇನು ಮಂದಿ? ಎಲ್ಲಾನೂ ಅಡವಿಗೆ ಹೊಡೀತಾರ. ಅವು ಅಲ್ಲೇ ಬಿದ್ದು ಸಾಯ್ತಾವು. ಒಲಿ ಹಚ್ಚಿದಾಕಿ ಅಂತ ನನಗ ಅಂದ್ರ ಅನಲಿ. ನಿನ್ನ ಮಾನಾ ಉಳೀಲಿ ಅಂತ ಹೇಳಾಕತ್ತಿಲ್ಲ ನಾ, ತಿಳ್ಕೊ."

ಮಾರನೆಯ ಬೆಳಿಗ್ಗೆ ಅವನು ನಂಬರಿನ ಪಟ್ಟಿಗಳನ್ನೆಲ್ಲ ಕಿತ್ತು, ನೀಲಿ ಮುಚ್ಚಳದ ಬಾಟಲಿಗಳನ್ನು ತಿಪ್ಪೆಗೆ ಸುರಿದು ಹೊರಟ. ಗುರುಗಳಿಗೆ ಏನು ಹೇಳುವುದೆಂದು ಅವನು ಆಗಲೇ ತೀರ್ಮಾನಿಸಿದ್ದ: ಇದ್ದದ್ದನ್ನು ಇದ್ದಂತೆ. ಆ ನಾಚಿಕೆ ಹೊರಬಹುದಾದದ್ದು. ಬಾಗಿಲ ಹೊರಗೆ ಶಿವವ್ವ ಕಾದಿದ್ದಳು. ಅವನ ಜೊತೆ ಮನೆಮನೆಗೆ ಬಂದಳು. ಅವನು ಸೂಜಿ ತುಂಬುವಷ್ಟರಲ್ಲಿ ಕರುವನ್ನು ತೊಡೆಗೆ ಒತ್ತಿ ಹಿಡಿದಳು. ಒಂದು ಮನೆಯವರು ಅವಳನ್ನು ಅಂಗಳದಾಚೆಯೇ ನಿಲ್ಲಿಸಿದರು. ಮತ್ತೊಂದು ಮನೆಯಾಕೆ, "ಬಾ ಬಾ, ಒಲಿ ಹಚ್ಚಿದ ಪಾಪ ಹಿಂಗರ ತೊಳಕೊ" ಎಂದು ನಕ್ಕಳು. ಮಹಾಬಳೇಶ್ವರ ಬಾಯಿ ತೆರೆದ. ಶಿವವ್ವ ಕಣ್ಣಲ್ಲೇ ತಡೆದಳು. ಬಾಯಿ ಮುಚ್ಚಿದ.

ಕಡೆಗೆ ಅಡಿವೆಯ್ಯನ ಮನೆ. ಮುದುಕ ಕರುವಿನ ಹಗ್ಗವನ್ನು ಡಾಕ್ಟರನ ಕೈಗೆ ಕೊಟ್ಟು, ಶಿವವ್ವನಿಗೆ ಕೇಳುವಂತೆ ಅಂದ: "ಇಂಥಾ ದೇವರಂಥಾ ಮನುಷ್ಯಾನ ಔಷಧಾ ಕೆಡಿಸಿದೆಲ್ಲವಾ ನೀನು. ಇನ್ನರ ನೆಟ್ಟಗ ಇರು."

"ಹೂಂ ರೀ ಅಜ್ಜಾ," ಅಂದಳು ಶಿವವ್ವ. ಕರುವಿನ ಕತ್ತು ತಬ್ಬಿ ಹಿಡಿದು, ಮುಖ ಎತ್ತದೆ ಹೇಳಿದಳು: "ಹಾಕ್ರಿ ಡಾಕ್ಟರ್ ಸಾಹೇಬ್ರ. ನಾ ಹಿಡದೇನಿ."